ಇದನ್ನ ಹಾಕಿದ್ದು ಯಾರು?

9 ಆಗಸ್ಟ್ 2025, ಶನಿವಾರ ರಾತ್ರಿ

ಅಪ್ಪನಿಗೆ ಆ ಫೋಟೋ ತೋರಿಸಬಾರದಿತ್ತೇನೋ.

ಅಮೆರಿಕದ ಅಂತರ್ಯುದ್ಧದ್ದು. 1864, ಅಟ್ಲಾಂಟಾ. ಉತ್ತರದ ಸೇನಾಪತಿ ಶರ್ಮನ್‌ನ ಸೈನಿಕರು ದಕ್ಷಿಣದವರ ರೈಲು ಹಳಿ ಕೀಳುತ್ತಿದ್ದಾರೆ. ಹಳಿಯ ಕೆಳಗಿನ ಮರದ ಸ್ಲೀಪರ್‌ಗಳನ್ನೇ ಕಿತ್ತು ರಾಶಿ ಹಾಕಿ ಬೆಂಕಿ ಹಚ್ಚುತ್ತಿದ್ದರಂತೆ. ಮೇಲಿಟ್ಟ ಹಳಿಯ ನಡುಭಾಗ ಕೆಂಪಗೆ ಕಾದ ಮೇಲೆ ಎರಡೂ ತುದಿ ಹಿಡಿದು ಮರಕ್ಕೆ ಸುತ್ತಿಬಿಡೋದು. ಸುಮ್ನೆ ಬಗ್ಗಿಸಿದರೆ ದಕ್ಷಿಣದವರು ಮತ್ತೆ ನೆಟ್ಟಗೆ ಮಾಡಿಕೊಳ್ತಾರೆ ಅಂತ. 'ಶರ್ಮನ್‌ನ ನೆಕ್‌ಟೈ' ಅಂತ ಅದಕ್ಕೊಂದು ಹೆಸರು ಬೇರೆ.

ಅಪ್ಪ ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದರು. ಇನ್ನೊಂದು ಕೈ ತಾನಾಗೇ ಎಡ ಭುಜಕ್ಕೆ ಹೋಯಿತು. ಹಳಿ ಹೊತ್ತು ಹೊತ್ತು ಗಂಟು ಕಟ್ಟಿದ ಜಾಗ ಅದು.

"ಇದನ್ನ ಹಾಕಿದ್ದು ಯಾರು?"

ಕಿತ್ತವರ ಬಗ್ಗೆ ಒಂದು ಮಾತೂ ಕೇಳಲಿಲ್ಲ!

ದಕ್ಷಿಣದಲ್ಲಿ ಬಹುಪಾಲು ಗುಲಾಮರ ಕೈಯಲ್ಲೇ ಹಾಕಿಸಿದ್ದು ಅಂದೆ. ರೈಲು ಕಂಪನಿಗಳು ಅವರನ್ನು ಯಜಮಾನರಿಂದ ಬಾಡಿಗೆಗೆ ತರುತ್ತಿದ್ದವು. ದುಡ್ಡು ಯಜಮಾನನಿಗೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು.

"ಮತ್ತೆ ಹಾಕಿದ್ದು?"

ಇದನ್ನು ನಾನು ಯೋಚಿಸಿರಲೇ ಇಲ್ಲ. ಶರ್ಮನ್‌ನ ಸುಮಾರು ಒಂದು ಲಕ್ಷ ಜನರ ಸೇನೆ ಅಟ್ಲಾಂಟಾ ಮುಟ್ಟಿದ್ದೇ ಉತ್ತರಕ್ಕಿರುವ ಚಟ್ಟನೂಗಾ ಊರಿಂದ ಬರುವ ಒಂಟಿ ಹಳಿಯನ್ನು ನಂಬಿ. ಹಿಟ್ಟು, ಮದ್ದುಗುಂಡು ಎಲ್ಲಾ ಅದರಲ್ಲೇ. ದಕ್ಷಿಣದವರು ಕಿತ್ತ ಕಡೆಯೆಲ್ಲ ರಿಪೇರಿ ತಂಡ ಓಡುತ್ತಿತ್ತು. ಚಟ್ಟಹೂಚಿ ನದಿಗೆ 780 ಅಡಿ ಉದ್ದದ ಮರದ ಸೇತುವೆ, ನಾಲ್ಕೂವರೆ ದಿನದಲ್ಲಿ! ಉತ್ತರದ ಆ ರಿಪೇರಿ ತಂಡಗಳಲ್ಲಿ ಗುಲಾಮಗಿರಿ ಬಿಟ್ಟು ಬಂದವರೂ ಬಹಳ ಜನ ಇದ್ದರು.

"ಇವರಿಗೆ ಸಂಬಳ ಕೊಟ್ರಾ?"

ಕೊಡಬೇಕಿತ್ತು, ಎಷ್ಟೋ ಕಡೆ ಬಾಕಿ ಉಳಿಸಿಕೊಳ್ಳುತ್ತಿದ್ದರು ಅಂದೆ. ಅಪ್ಪ ಫೋನ್ ವಾಪಸ್ ಕೊಟ್ಟು ಎದ್ದು ಒಳಗೆ ಹೋದರು. ಊಟಕ್ಕೂ ಮಾತಿಲ್ಲ.

ಅಮ್ಮನ ಮಂಡಿನೋವು ಇವತ್ತು ಜಾಸ್ತಿ. ಎಣ್ಣೆ ಬಿಸಿ ಮಾಡಿ ಹಚ್ಚಿ ಬಂದೆ.

ಈಗ ಗೂಡ್ಸ್ ಗಾಡಿ ಹೋಯಿತು. ಕಿಟಕಿ ಗಾಜು ಇನ್ನೂ ನಡುಗ್ತಿದೆ. ಅಪ್ಪನ ಕೋಣೆಯ ದೀಪ ಆರಿಲ್ಲ. ಒಬ್ಬ ಮನುಷ್ಯ ಯಜಮಾನನಿಗೋಸ್ಕರ ಹಾಕಿದ ಹಳಿ, ಆಮೇಲೆ ಅದನ್ನೇ ತನ್ನ ಬಿಡುಗಡೆಗೋಸ್ಕರ ಮತ್ತೆ ಹೊತ್ತು ತಂದು ಹಾಕುವಾಗ, ಆ ಭುಜಕ್ಕೆ ಭಾರ ಏನಾದರೂ ಬೇರೆ ಅನ್ನಿಸಿತ್ತಾ? ನಾಳೆ ಅಪ್ಪನನ್ನೇ ಕೇಳಬೇಕು.