ಫ್ಲ್ಯಾಗ್ ನೋಡಿದ ಮೇಲೆ, ಮಲಗುವ ಮುಂಚೆ

ಬ್ಯಾಟರಿಯಲ್ಲಿ ಓಡುವ ಪುಟ್ಟ ಬೋರ್ಡು, ಎಸ್‌ಟಿಎಂ32 ಚಿಪ್ಪಿನದು. ಬಟನ್ ಒತ್ತಿದರೆ ಏಳಬೇಕು, ಅಷ್ಟೇ. ಆದರೆ ಅಪರೂಪಕ್ಕೊಮ್ಮೆ ಒತ್ತಿದರೂ ಸುಮ್ನೆ ಮಲಗಿಯೇ ಇರುತ್ತಿತ್ತು, ಮತ್ತೆ ಒತ್ತಿದರೆ ಏಳುತ್ತಿತ್ತು. ಬಟನ್ನೇ ಸರಿಯಿಲ್ಲ ಅಂದುಕೊಂಡು ಮೂರು ದಿನ ಕಳೆದೆ.

ತಪ್ಪು ಇದ್ದದ್ದು ಕೋಡಿನ ಎರಡು ಸಾಲುಗಳ ನಡುವೆ. ಮೊದಲ ಸಾಲು ಫ್ಲ್ಯಾಗ್ (ಬಟನ್ ಒತ್ತಿದ್ದನ್ನು ಗುರುತಿಟ್ಟುಕೊಳ್ಳುವ ವೇರಿಯಬಲ್) ಸೊನ್ನೆಯಾ ಅಂತ ನೋಡುತ್ತದೆ. ಮುಂದಿನದು ಡಬ್ಲ್ಯೂಎಫ್ಐ, ಅಂದರೆ ಇಂಟರಪ್ಟ್ (ಬಟನ್ ಒತ್ತಿದಂಥ ಘಟನೆ ಕಳಿಸುವ ಸೂಚನೆ) ಬರುವ ತನಕ ಮಲಗು. ಸರಿಯಾಗಿ ಆ ಸಂದಿಯಲ್ಲಿ ಇಂಟರಪ್ಟ್ ಬಂದರೆ ಅದಕ್ಕೆ ಉತ್ತರಿಸುವ ಕೋಡು, ಅಂದರೆ ಹ್ಯಾಂಡ್ಲರ್, ಓಡಿ, ಫ್ಲ್ಯಾಗ್ ಏರಿಸಿ, ತನ್ನ ಕೆಲಸ ಮುಗಿಸಿ ಹೋಗಿರುತ್ತದೆ, ನಾವು ಮಾತ್ರ ಆಗಲೇ ನೋಡಿ ಆಗಿದೆ, ಅಲ್ವಾ? ಮಲಗಿಬಿಡುತ್ತೇವೆ.

ಪರಿಹಾರ ಮೊದಲು ವಿಚಿತ್ರ ಅನ್ನಿಸುತ್ತದೆ: ಇಂಟರಪ್ಟ್ ಆಫ್ ಮಾಡಿ, ಫ್ಲ್ಯಾಗ್ ನೋಡಿ, ಆಫ್ ಇರುವಾಗಲೇ ಮಲಗಿ, ಎದ್ದ ಮೇಲೆ ಆನ್ ಮಾಡಿ. ಈ ಚಿಪ್ಪಿನೊಳಗಿನ ಪ್ರೊಸೆಸರ್ ಕಾರ್ಟೆಕ್ಸ್-ಎಂನಲ್ಲಿ ಪ್ರೈಮಾಸ್ಕ್ (ಇಂಟರಪ್ಟ್ ಆಫ್ ಮಾಡುವ ಸ್ವಿಚ್) ಹಾಕಿದ್ದರೂ ಇಂಟರಪ್ಟ್ ಕಾದಿದ್ದರೆ ಡಬ್ಲ್ಯೂಎಫ್ಐ ಎದ್ದೇ ಏಳುತ್ತದೆ, ಹ್ಯಾಂಡ್ಲರ್ ಮಾತ್ರ ನಾವು ಬಿಡುವ ತನಕ ಓಡುವುದಿಲ್ಲ. ನನಗೆ ಇದರಲ್ಲಿ ಜಾಸ್ತಿ ಇಷ್ಟವಾದದ್ದು ಇನ್ನೊಂದು ಲಾಭ. ಎಸ್‌ಟಿಎಂ32 ಎಫ್4 ಸ್ಟಾಪ್ ಮೋಡ್ ಎಂಬ ಆಳ ನಿದ್ದೆಯಿಂದ ಎದ್ದಾಗ ಕ್ಲಾಕ್ 16 ಮೆಗಾಹರ್ಟ್ಸ್‌ನ ಒಳಗಿನ ಆಸಿಲೇಟರ್ ಮೇಲಿರುತ್ತದೆ. ಹ್ಯಾಂಡ್ಲರ್ ಓಡುವ ಮೊದಲೇ ಕ್ಲಾಕಿನ ವೇಗ ಹೆಚ್ಚಿಸುವ ಪಿಎಲ್ಎಲ್ ವಾಪಸ್ ಹಚ್ಚಬಹುದು, ಹಾಗಾಗಿ ತಪ್ಪು ವೇಗದಿಂದ ಸೀರಿಯಲ್ ಪೋರ್ಟ್ ಕಸ ಉಗುಳುವುದಿಲ್ಲ.

ಆದ್ಯತೆ ಕಡಿಮೆಯಿರುವ ಇಂಟರಪ್ಟ್‌ಗಳನ್ನಷ್ಟೇ ತಡೆಯುವ ಬೇಸ್‌ಪ್ರೈ ಬಳಸಿದರೆ ಇದು ನಡೆಯದು. ಅದು ತಡೆದ ಇಂಟರಪ್ಟ್ ಚಿಪ್ಪನ್ನು ಎಬ್ಬಿಸುವುದೇ ಇಲ್ಲ. ಚಿಕ್ಕ ಚಿಪ್ಪುಗಳ ಆಪರೇಟಿಂಗ್ ಸಿಸ್ಟಂ ಫ್ರೀಆರ್‌ಟಿಒಎಸ್ ಕೂಡ ಟಿಕ್‌ಲೆಸ್ ನಿದ್ದೆಗೆ (ಟೈಮರ್ ಟಿಕ್ ನಿಲ್ಲಿಸಿ ಮಲಗುವುದಕ್ಕೆ) ಬೇಸ್‌ಪ್ರೈಯಿಂದ ಇಂಟರಪ್ಟ್ ತಡೆಯುವ ತನ್ನ ಮಾಮೂಲಿ ಕ್ರಿಟಿಕಲ್ ಸೆಕ್ಷನ್ ಬಿಟ್ಟು ಪ್ರೈಮಾಸ್ಕನ್ನೇ ಹಿಡಿಯುವುದು ಇದಕ್ಕೇ.