ಶೇಡಿ ಮಣ್ಣಿಗೆ ಮದ್ದು ಹೊರಿಸುವ ಪ್ರಯೋಗ: ಇಲ್ಲಿವರೆಗೆ ಆದದ್ದು

ಏಪ್ರಿಲ್

ನಮ್ಮ ಕಾಸರಗೋಡಿನ ಪೆರ್ಲ ಕಡೆ ಬಾವಿ ತೋಡಿದವರಿಗೆ ಗೊತ್ತು, ಮುರಕಲ್ಲು ಮುಗಿದ ಮೇಲೆ ಬಿಳಿ, ನಸುಗೆಂಪು ಶೇಡಿ ಮಣ್ಣು ಸಿಗುತ್ತದೆ. ನೀರಿಗಾಗಿ ಗುಡ್ಡಕ್ಕೆ ಸುರಂಗ ತೋಡುವವರಿಗೆ ಇದು ಕಂಡರೆ ಆಗುವುದಿಲ್ಲ, ಕುಸಿಯುವ ಭಯ. ನನಗೆ ಬೇಕಾದದ್ದು ಅದೇ ಮಣ್ಣು. ಇದರಲ್ಲಿ ಜಾಸ್ತಿ ಇರುವುದು ಕಾಯೋಲಿನೈಟ್ ಖನಿಜ. ನೀಲೇಶ್ವರದ ಆಚೆ ಕರಿಂದಳಂನಲ್ಲಿ ಚೀನಾ ಮಣ್ಣು ಅಂತ ತೆಗೆದದ್ದೂ ಇದನ್ನೇ. ಪಕ್ಕದ ತೋಟದಲ್ಲಿ ಹೊಸ ಬಾವಿಯ ಕೆಲಸ ನಡೆಯುತ್ತಿತ್ತು, ಒಂದು ಬಕೆಟ್ ತುಂಬಿಸಿಕೊಂಡು ಬಂದೆ.

ಮಣ್ಣಿನ ಕಣಗಳಿಗೆ ಮದ್ದು ಹೊರಿಸಿ, ಹೊಟ್ಟೆಯಲ್ಲಿ ಬೇಕಾದ ಜಾಗದಲ್ಲಿ ನಿಧಾನಕ್ಕೆ ಇಳಿಸುವ ಬಗ್ಗೆ ತುಂಬಾ ಸಂಶೋಧನೆ ನಡೆದಿದೆ. ಅದರ ಸ್ವಲ್ಪವಾದರೂ ಮನೆಯಲ್ಲಿ ಕಣ್ಣಿಗೆ ಕಾಣುವ ಹಾಗೆ ಮಾಡಬಹುದಾ ಅಂತ ನೋಡುವ ಆಸೆ. ತಿನ್ನುವ ಮಾತೇ ಇಲ್ಲ. ಬಾವಿ ಮಣ್ಣಿನಲ್ಲಿ ಏನೆಲ್ಲ ಇರುತ್ತದೋ, ಔಷಧಕ್ಕೆ ಬಳಸುವ ಮಣ್ಣನ್ನು ಬೇರೆಯೇ ರೀತಿ ಶುದ್ಧ ಮಾಡುತ್ತಾರೆ.

ಮದ್ದಿನ ಬದಲಿಗೆ ಮೆಥಿಲೀನ್ ಬ್ಲೂ. ಮೀನು ಸಾಕುವವರು ಬಳಸುವ ನೀಲಿ ನೀರು, ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಬಣ್ಣ ಅಂದರೂ ಇದು ಮದ್ದೂ ಹೌದು. 1876ರಲ್ಲಿ ಬಟ್ಟೆಗೆ ಬಣ್ಣ ಹಾಕಲು ತಯಾರಾದದ್ದನ್ನು 1891ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್ ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದ್ದರು. ನೀರಿನಲ್ಲಿ ಇದರ ಅಣುವಿಗೆ ಧನ ಆವೇಶ. ಇಂಥ ಮಣ್ಣಿನ ಕಣಗಳು ತೆಳು ಹಾಳೆಗಳ ಹಾಗೆ ಇರುತ್ತವೆ, ಆ ಹಾಳೆಗಳಿಗೆ ಋಣ ಆವೇಶ. ಹಾಗಾಗಿ ಎರಡೂ ಅಂಟಿಕೊಳ್ಳುತ್ತವೆ.

ಮೇ

ಮಣ್ಣು ಸೋಸುವುದೇ ದೊಡ್ಡ ಕೆಲಸ. ನೀರಿನಲ್ಲಿ ಕಲಸಿ, ಮರಳು ತಳಕ್ಕೆ ಹೋದ ಮೇಲೆ ಮೇಲಿನ ಹಾಲಿನಂಥ ನೀರನ್ನು ಬೇರೆ ಜಾಡಿಗೆ ಹಾಕಿ ಬಿಡಬೇಕು. 2 ಮೈಕ್ರೋಮೀಟರ್‌ನ ಕಣ 10 ಸೆಂಟಿಮೀಟರ್ ಇಳಿಯಲು 20 ಡಿಗ್ರಿಯಲ್ಲಿ ಸುಮಾರು 8 ಗಂಟೆ ಬೇಕು. ನಮ್ಮ ಮೇ ತಿಂಗಳ ಸೆಕೆಗೆ ನೀರು ತೆಳುವಾಗಿರುತ್ತದೆ, ಬೇಗ ಇಳಿಯುತ್ತದೆ. ಬೆಳಿಗ್ಗೆ ಇಟ್ಟು ಮಧ್ಯಾಹ್ನದ ನಿದ್ದೆ ಆದ ಮೇಲೆ ಮೇಲಿನ ಪದರ ತೆಗೆದರೆ ಸಾಕು, ಅದರಲ್ಲಿ ಉಳಿದಿರುವುದು ಸಣ್ಣ ಕಣಗಳೇ. ಒಣಗಿಸಿದ್ದನ್ನು ಪುಡಿ ಮಾಡುವಾಗ ಮಾಸ್ಕ್ ಬೇಕೇ ಬೇಕು, ಸಿಲಿಕಾ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹೋಲಿಸಲು ಬೆಂಟೊನೈಟ್ ಅನ್ನುವ ಇನ್ನೊಂದು ಮಣ್ಣು ತಂದೆ. ಅರ್ಥಿಂಗ್ ಗುಂಡಿಗೆ ಹಾಕುತ್ತಾರಲ್ಲ, ಅದೇ. ಅದರ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ನೀರು ಕುಡಿದು ಉಬ್ಬುತ್ತದೆ, ಹಾಳೆಗಳ ನಡುವೆಯೂ ಅಣುಗಳಿಗೆ ಜಾಗ ಕೊಡುತ್ತದೆ. ಕಾಯೋಲಿನೈಟ್ ಉಬ್ಬುವುದಿಲ್ಲ, ಹೊರಮೈಗೆ ಅಂಟಿದ್ದಷ್ಟೇ. ಲೆಕ್ಕದಲ್ಲಿ ಹೇಳುವುದಾದರೆ, 100 ಗ್ರಾಂ ಮಾಂಟ್‌ಮೊರಿಲೊನೈಟ್ ಸಾಮಾನ್ಯವಾಗಿ 80ರಿಂದ 120 ಮಿಲಿ ಈಕ್ವಿವೆಲೆಂಟ್ (ಆವೇಶದ ಲೆಕ್ಕದಲ್ಲಿ ಅಯಾನುಗಳನ್ನು ಎಣಿಸುವ ಅಳತೆ) ಧನ ಅಯಾನುಗಳನ್ನು ಅದಲುಬದಲು ಮಾಡಬಲ್ಲದು, ಕಾಯೋಲಿನೈಟ್ 3ರಿಂದ 15 ಮಾತ್ರ.

ಜೂನ್

ಮಳೆ ಹಿಡಿದ ಮೇಲೆ ಒಳಗೆ ಕೂತು ಬಣ್ಣ ಅಳೆಯುವ ಸಾಧನ ಮಾಡಿದೆ. ಕಪ್ಪು ಬಳಿದ ಪಿವಿಸಿ ಪೈಪಿನ ತುಂಡು, ಒಂದು ಕಡೆ ಕೆಂಪು ಎಲ್‌ಇಡಿ, ಇನ್ನೊಂದು ಕಡೆ ಎಲ್‌ಡಿಆರ್ (ಬೆಳಕು ಬಿದ್ದಷ್ಟೂ ವಿದ್ಯುತ್ ತಡೆ ಕಮ್ಮಿಯಾಗುವ ಬಿಡಿಭಾಗ), ನಡುವೆ ಗಾಜಿನ ಸೀಸೆ, ಹೊರಗೆ ಮಲ್ಟಿಮೀಟರ್. ಎಲ್‌ಇಡಿ ಕೆಂಪೇ ಆಗಬೇಕು, ಯಾಕಂದ್ರೆ ಮೆಥಿಲೀನ್ ಬ್ಲೂ ಜಾಸ್ತಿ ಹೀರುವುದು 664 ನ್ಯಾನೊಮೀಟರ್ ಸುತ್ತಲಿನ ಕೆಂಪು ಬೆಳಕನ್ನು. ನೀಲಿ ಎಲ್‌ಇಡಿ ಹಾಕಿದರೆ ಏನೂ ಗೊತ್ತಾಗುವುದಿಲ್ಲ.

ಬೆಂಟೊನೈಟ್‌ಗೆ ನೀಲಿ ಹಾಕಿದ ಕ್ಷಣ ನೋಡಬೇಕು. ದಿನಗಟ್ಟಲೆ ಕದಡಿಯೇ ಇರುವ ಮಣ್ಣು, ಬಣ್ಣ ಸಾಕಷ್ಟು ಹಿಡಿದ ಕೂಡಲೇ ಚೂರುಚೂರಾಗಿ ಗಂಟು ಕಟ್ಟಿ ತಳಕ್ಕೆ ಬೀಳುತ್ತದೆ. ಮೇಲೆ ತಿಳಿ ನೀರು. ತಳದಲ್ಲಿದ್ದದ್ದು ನೀಲಿಯಲ್ಲ, ನೇರಳೆ! ಹಾಳೆಯ ಮೇಲೆ ಅಣುಗಳು ಒತ್ತೊತ್ತಾಗಿ ಜೋಡಿಯಾಗಿ ಕೂತಾಗ ಅವು ಹೀರುವ ಬೆಳಕೇ ಬದಲಾಗುತ್ತದೆ. ಶೇಡಿಯೂ ಬಣ್ಣ ಹಿಡಿಯಿತು, ಆದರೆ ಸ್ವಲ್ಪವೇ.

ಹಿಡಿಯುವುದರಲ್ಲಿ ಬೆಂಟೊನೈಟ್ ಗೆದ್ದಿತು ಅಂತ ಹೇಳಿ ಮುಗಿಸುವ ಹಾಗಿಲ್ಲ. ಎರಡನ್ನೂ ತೊಳೆದು, ಮೈಯೊಳಗಿನ ದ್ರವದ ಹಾಗೆ ಇರಲಿ ಅಂತ ಲೀಟರಿಗೆ 9 ಗ್ರಾಂ ಉಪ್ಪಿನ ಉಗುರುಬೆಚ್ಚಗಿನ ನೀರಿಗೆ ಹಾಕಿದೆ. ಶೇಡಿಯಿಂದ ಬಣ್ಣ ನಿಧಾನವಾಗಿ ಬಿಡುತ್ತಾ ಬಂತು, ವಿನೆಗರ್ ಹಾಕಿದ ನೀರಿನಲ್ಲಿ ಇನ್ನೂ ಜಾಸ್ತಿ. ಹುಳಿ ಹೆಚ್ಚಾದಾಗ ಕಾಯೋಲಿನೈಟ್ ಹಾಳೆಯ ಅಂಚುಗಳ ಆವೇಶ ಧನದ ಕಡೆ ವಾಲುತ್ತದೆ, ಹಿಡಿತ ಸಡಿಲುತ್ತದೆ. ಬೆಂಟೊನೈಟ್ ಮಾತ್ರ ಎರಡರಲ್ಲೂ ಜಪ್ಪಯ್ಯ ಅನ್ನಲಿಲ್ಲ. ಮಲ್ಟಿಮೀಟರ್ ಓದು ತಿಳಿ ನೀರಿನದ್ದೇ ಅನ್ನುವಷ್ಟು ಕಮ್ಮಿ ಬದಲಾವಣೆ. ವಿಷ ಹೀರಲು ಇದು ಚಂದ. ಮದ್ದು ಮುಟ್ಟಿಸಬೇಕಾದವನು ಮದ್ದನ್ನು ಇಟ್ಟುಕೊಂಡೇ ಕೂತರೆ ರೋಗಿಗೆ ಏನು ಲಾಭ?

ಇದಕ್ಕೇ ಸಂಶೋಧಕರಿಗೆ ಹ್ಯಾಲೊಯ್ಸೈಟ್ ಅನ್ನುವ ಖನಿಜದ ಮೇಲೆ ಕಣ್ಣು. ರಾಸಾಯನಿಕವಾಗಿ ಕಾಯೋಲಿನೈಟ್‌ನ ನೆಂಟ, ಆದರೆ ಚಾಪೆ ಸುತ್ತಿದ ಹಾಗೆ ಸುರುಳಿಯಾಗಿರುತ್ತದೆ. ಒಳಗಿನ ತೂತು ಸುಮಾರು 15 ನ್ಯಾನೊಮೀಟರ್, ಹೊರಗಿನ ಅಗಲ 50ರಿಂದ 70, ಉದ್ದ ಸಾಮಾನ್ಯವಾಗಿ ಒಂದು ಮೈಕ್ರೋಮೀಟರ್ ಆಸುಪಾಸು. ಹೊರಮೈ ಋಣ, ಒಳಮೈ ಧನ. ಮದ್ದಿನ ದ್ರಾವಣದಲ್ಲಿ ಮುಳುಗಿಸಿ ಗಾಳಿ ಎಳೆದರೆ ಕೊಳವೆಯೊಳಗಿನ ಗುಳ್ಳೆ ಹೊರಬಂದು ಮದ್ದು ಒಳಗೆ ಸೇರುತ್ತದೆ. ಆಮೇಲೆ ಎರಡು ಬಾಯಿಯಿಂದ ಮಾತ್ರ ಹೊರಬರಬೇಕು, ಆದ್ದರಿಂದ ನಿಧಾನ. ನಮ್ಮ ಶೇಡಿಯಲ್ಲಿ ಇದು ಇದೆಯಾ ಅಂತ ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು. ಮಾಮೂಲಿ ಮೈಕ್ರೋಸ್ಕೋಪ್ 200 ನ್ಯಾನೊಮೀಟರ್‌ಗಿಂತ ಚಿಕ್ಕದನ್ನು ಬಿಡಿಸಿ ತೋರಿಸಲಾರದು. ಹಾಗಾಗಿ ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಮುಂದೆ

ಶೇಡಿ ಬಣ್ಣ ಬಿಡುವುದನ್ನು ಇನ್ನಷ್ಟು ನಿಧಾನ ಮಾಡಬೇಕು. ಬಣ್ಣ ಹಿಡಿದ ಮಣ್ಣನ್ನು ಸೋಡಿಯಂ ಆಲ್ಜಿನೇಟ್ ಅನ್ನುವ ಕಡಲಪಾಚಿಯ ಅಂಟಿನಲ್ಲಿ ಕಲಸಿ, ಕ್ಯಾಲ್ಸಿಯಂ ನೀರಿಗೆ ಹನಿಹನಿಯಾಗಿ ಬಿಟ್ಟರೆ ಗುಂಡುಗಳಾಗುತ್ತವೆ. ಹುಳಿಯಲ್ಲಿ ಇವು ಮುದುಡುತ್ತವೆ, ಸೋಡಾ ಪುಡಿಯ ನೀರಿನಲ್ಲಿ ಉಬ್ಬಿ ಕರಗುತ್ತವೆ. ಹೊಟ್ಟೆ ದಾಟಿಸಿ ಕರುಳಿನಲ್ಲಿ ಬಿಡುವ ಉಪಾಯ ಇದೇ. ಒಂದು ತೊಡಕಿದೆ. ಆಲ್ಜಿನೇಟ್‌ಗೂ ಋಣ ಆವೇಶ, ಅದೂ ನೀಲಿಯನ್ನು ಹಿಡಿದುಕೊಳ್ಳುತ್ತದೆ, ಹುಳಿಯಲ್ಲಿ ಬಿಟ್ಟುಬಿಡಲೂಬಹುದು. ಹಾಗಾಗಿ ಮಣ್ಣಿಲ್ಲದ ಬರೀ ಆಲ್ಜಿನೇಟ್ ಗುಂಡುಗಳನ್ನೂ ಪಕ್ಕದಲ್ಲೇ ಇಟ್ಟು ಅಳೆಯಬೇಕು, ಇಲ್ಲವಾದರೆ ಹಿಡಿದದ್ದು ಯಾರು, ಬಿಟ್ಟದ್ದು ಯಾರು ಅಂತ ಹೇಳಲು ಬರುವುದಿಲ್ಲ. ಕ್ಯಾಲ್ಸಿಯಂ ಲ್ಯಾಕ್ಟೇಟ್ ಬಂದಿದೆ, ಆಲ್ಜಿನೇಟ್ ಪಾರ್ಸೆಲ್ ಇನ್ನೂ ದಾರಿಯಲ್ಲಿದೆ.