ಉಳಿಸೋ ಮರಕ್ಕೆ ಮೊದ್ಲು ಗುರುತು ಹಾಕಿ

ಸ್ವಂತದ್ದೊಂದು ಚಿಕ್ಕ ಕಾಡು ಇದೆ ಅಂದ ತಕ್ಷಣ ಜನ ಹೇಳೋದು ಎರಡೇ ಮಾತು, ಒಂದು ಯಾವಾಗ ಕಡಿಸ್ತೀರಾ, ಇನ್ನೊಂದು ಸುಮ್ನೆ ಬಿಟ್ಬಿಡಿ ಅದರ ಪಾಡಿಗೆ ಅದು ಬೆಳೆಯತ್ತೆ ಅಂತ. ನನಗೆ ಎರಡೂ ಪೂರ್ತಿ ಒಪ್ಪಿಗೆ ಇಲ್ಲ. ಬಿಟ್ರೆ ಬೆಳೆಯತ್ತೆ ನಿಜ, ಆದ್ರೆ ಒಂದೇ ವಯಸ್ಸಿನ ಮರಗಳು ಒತ್ತೊತ್ತಾಗಿ ನಿಂತಿರೋ ಕಡೆ ಎಲ್ಲಾ ಬೆಳಕಿಗೋಸ್ಕರ ಮೇಲಕ್ಕೇ ಹೋಗ್ತಾವೆ, ಕಾಂಡ ಸಣಕಲು, ಎಲೆ ಇರೋದು ತುದೀಲಿ ಮಾತ್ರ, ಜೋರು ಗಾಳಿ ಬಂದ್ರೆ ತಡ್ಕೊಳ್ಳೋ ಶಕ್ತಿ ಇರಲ್ಲ. ಮರ ಎಷ್ಟು ಎತ್ತರ ಹೋಗತ್ತೆ ಅನ್ನೋದು ಹೆಚ್ಚಾಗಿ ಆ ಜಾಗದ ಮಣ್ಣು ನೀರಿನ ಮೇಲೆ ನಿಂತಿದೆ, ಎಷ್ಟು ದಪ್ಪ ಆಗತ್ತೆ ಅನ್ನೋದು ಮಾತ್ರ ಅದರ ಸುತ್ತ ಎಷ್ಟು ಜಾಗ ಇದೆ ಅನ್ನೋದರ ಮೇಲೆ. ನಮ್ಮ ಕೈಲಿ ಇರೋದು ಆ ಜಾಗ.

ಹಾಗಾಗಿ ನಾನು ತೋಪಿಗೆ ಹೋಗುವಾಗ ಮಚ್ಚು ಗರಗಸ ಎಲ್ಲಾ ಬಿಟ್ಟು ಬಣ್ಣದ ರಿಬ್ಬನ್ ಮಾತ್ರ ತಗೊಂಡು ಹೋಗ್ತೀನಿ. ಕಡಿಯೋ ಮರ ಹುಡುಕೋಕೆ ಶುರು ಮಾಡಿದ್ರೆ ಸೊಟ್ಟಗಿರೋದು ಸಣ್ಣದು ಎಲ್ಲಾ ಕಣ್ಣಿಗೆ ಬೀಳತ್ತೆ, ಅವನ್ನ ತೆಗೆದ್ರೆ ತೋಪು ನೀಟಾಗಿ ಕಾಣತ್ತೆ ಅಷ್ಟೇ, ಒಳ್ಳೆ ಮರಕ್ಕೆ ಏನೂ ಸಿಗಲ್ಲ. ಅದರ ಬದಲು ಉಳಿಸೋ ಮರ ಆರಿಸ್ಬೇಕು. ಬುಡದಿಂದ ನೆಟ್ಟಗಿದೆಯಾ, ಎತ್ತರದಲ್ಲಿ ಕನಿಷ್ಠ ಮೂರನೇ ಒಂದು ಭಾಗದಷ್ಟು ಹಸಿರು ತಲೆ ಇದೆಯಾ, ಕವಲು ಒಡೆದಿರೋ ಕಡೆ ತೊಗಟೆ ಮಧ್ಯಕ್ಕೆ ಸಿಕ್ಕೊಂಡಿದೆಯಾ (ಹಾಗಿದ್ರೆ ದೊಡ್ಡದಾದ್ಮೇಲೆ ಅಲ್ಲೇ ಸೀಳೋ ಸಾಧ್ಯತೆ ಜಾಸ್ತಿ) ಇದನ್ನೆಲ್ಲ ಸುತ್ತ ತಿರುಗಿ ನೋಡಿ ರಿಬ್ಬನ್ ಕಟ್ಟೋದು. ಆಮೇಲೆ ಅದರ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದ್ರೆ ಯಾವ ಮರದ ತಲೆ ಇದರ ತಲೆಗೆ ತಾಗ್ತಿದೆ ಅಂತ ಕಾಣತ್ತೆ, ತೆಗೀಬೇಕಾಗಿರೋದು ಅದು. ಅದು ಒಳ್ಳೆ ಮರವೇ ಆಗಿರಬಹುದು, ಆಗ ಮನಸ್ಸು ಒಪ್ಪಲ್ಲ, ಆದ್ರೂ ಎರಡರಲ್ಲಿ ಒಂದನ್ನ ಆರಿಸ್ಲೇಬೇಕು. ಕೆಳಗಡೆ ನೆರಳಲ್ಲಿ ನಿಂತಿರೋ ಸಣ್ಣ ಮರಗಳನ್ನ ಮುಟ್ಟಬೇಡಿ, ಅವು ದೊಡ್ಡ ಮರದ ಬೆಳಕು ಕಿತ್ಕೊಳ್ಳಲ್ಲ, ಮೇಲಾಗಿ ಕಾಂಡಕ್ಕೆ ನೆರಳು ಕೊಟ್ಟು ಬೇಡದ ಟಿಸಿಲು ಬರೋದನ್ನ ಕಡಿಮೆ ಮಾಡ್ತಾವೆ. ಒಂದೇ ಸಲ ಜಾಸ್ತಿ ತೆಗೀಲೂ ಬಾರದು, ಇಷ್ಟು ವರ್ಷ ಗಾಳಿಯಿಂದ ಮರೆಯಾಗಿದ್ದ ಮರ ಇದ್ದಕ್ಕಿದ್ದಂಗೆ ಒಂಟಿಯಾದ್ರೆ ಬುಡಸಮೇತ ಬೀಳತ್ತೆ. ಸ್ವಲ್ಪ ತೆಗೆದು, ತಲೆಗಳು ಮತ್ತೆ ಒಂದಕ್ಕೊಂದು ಕೂಡೋವರೆಗೆ ಕೆಲವು ವರ್ಷ ಕಾಯೋದೇ ಸರಿ.

ಎಷ್ಟು ಒತ್ತಾಗಿದೆ ಅಂತ ಅಳೆಯೋಕೆ ಒಂದು ವಿಧಾನ ಇದೆ, ನನಗೆ ತುಂಬಾ ಇಷ್ಟ. ಆಸ್ಟ್ರಿಯಾದ ಅರಣ್ಯ ತಜ್ಞ ವಾಲ್ಟರ್ ಬಿಟ್ಟರ್ಲಿಷ್ 1948ರಲ್ಲಿ ಪ್ರಕಟಿಸಿದ್ದು. 2 ಸೆಂಟಿಮೀಟರ್ ಅಗಲದ ಒಂದು ಪಟ್ಟಿಯನ್ನ ಕಣ್ಣಿಂದ ಸರಿಯಾಗಿ 1 ಮೀಟರ್ ದೂರದಲ್ಲಿ ಬರೋ ಹಾಗೆ ಒಂದು ಕೋಲಿನ ತುದಿಗೆ ಸಿಗಿಸಿ, ಒಂದೇ ಕಡೆ ನಿಂತು ಪೂರ್ತಿ ಒಂದು ಸುತ್ತು ತಿರುಗ್ತಾ ಪ್ರತಿ ಮರವನ್ನೂ ಎದೆಮಟ್ಟದಲ್ಲಿ, ಅಂದ್ರೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ ನೋಡೋದು. ಪಟ್ಟಿಗಿಂತ ಅಗಲ ಕಂಡ ಮರ ಒಂದು, ಸರಿಸಮ ಕಂಡ್ರೆ ಅರ್ಧ, ಸಣ್ಣ ಕಂಡ್ರೆ ಲೆಕ್ಕಕ್ಕಿಲ್ಲ. ಬಂದ ಮೊತ್ತವೇ ಒಂದು ಹೆಕ್ಟೇರಿಗೆ ಎಷ್ಟು ಚದರ ಮೀಟರ್ ಕಾಂಡ ನಿಂತಿದೆ ಅನ್ನೋದು, ಅಂದ್ರೆ ಎಲ್ಲಾ ಮರಾನೂ ಎದೆಮಟ್ಟದಲ್ಲಿ ಅಡ್ಡ ಕೊಯ್ದ್ರೆ ಸಿಗೋ ಒಟ್ಟು ವಿಸ್ತೀರ್ಣ. ಟೇಪ್ ಬೇಡ, ಒಂದೊಂದೇ ಮರ ಮುಟ್ಟೋದೂ ಬೇಡ! ನಾಲ್ಕಾರು ಕಡೆ ಹೀಗೆ ನೋಡಿ ಸರಾಸರಿ ಬರೆದಿಟ್ರೆ ಮುಂದೆ ಹೋಲಿಸೋಕೆ ಆಗತ್ತೆ.

ಕೊಂಬೆ ಸವರೋ ವಿಷಯ. ಅಮೆರಿಕದ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನ ಉದ್ದಕ್ಕೆ ಸೀಳಿ ನೋಡಿದವರು, ಮರದ ಗಾಯ ನಮ್ಮ ಚರ್ಮದ ಹಾಗೆ ವಾಸಿ ಆಗಲ್ಲ, ಕೊಳೆತ ಜಾಗದ ಸುತ್ತ ತಡೆ ಕಟ್ಟಿ ಅದನ್ನ ಒಳಗೇ ಮುಚ್ಚಿ ಮೇಲೆ ಹೊಸ ಪದರ ಬೆಳೆಸ್ಕೊಳ್ಳತ್ತೆ ಅಂತ ತೋರಿಸಿದ್ರು. ಕೊಂಬೆಯ ಬುಡದಲ್ಲಿ ಉಬ್ಬಿರೋ ಒಂದು ಸುತ್ತು ಇರತ್ತಲ್ಲ, ಅದನ್ನ ಬಿಟ್ಟು ಅದರ ಹೊರಗೆ ಕೊಯ್ಬೇಕು. ಕಾಂಡಕ್ಕೆ ನುಣ್ಣಗೆ ಸೇರಿಸಿ ಕೊಯ್ದ್ರೆ ನೋಡೋಕೆ ಚೆಂದ, ಮರಕ್ಕೆ ಗಾಯ ದೊಡ್ಡದು.

ಸತ್ತ ಮರದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ದಾರಿ ಪಕ್ಕ ಇಲ್ಲದೇ ಇದ್ರೆ ನಿಂತಿರಲಿ. ಮರಕುಟಿಗ ತೋಡಿ ಬಿಟ್ಟ ಪೊಟರೇಲಿ ಆಮೇಲೆ ಬೇರೆ ಹಕ್ಕಿಗಳು ಗೂಡು ಮಾಡ್ತಾವೆ, ಬಿದ್ದ ದಿಮ್ಮಿ ತೇವ ಹಿಡ್ಕೊಳ್ಳತ್ತೆ, ಅಣಬೆ ಹುಳ ಎಲ್ಲಾ ಸೇರಿ ಅದನ್ನ ಮಣ್ಣು ಮಾಡ್ತಾವೆ. ಇದನ್ನೆಲ್ಲ ಕ್ಲೀನ್ ಮಾಡಿಸಿಬಿಟ್ರೆ ತೋಪಲ್ಲಿ ನೋಡೋಕೆ ಏನಿರತ್ತೆ ಹೇಳಿ, ನಾನು ಬೆಳಿಗ್ಗೆ ಅಲ್ಲಿ ಸುಮ್ನೆ ಕೂರೋದೇ ಈ ಓಡಾಟ ನೋಡೋಕೆ. ದಾರಿ ಪಕ್ಕದ್ದು ಮಾತ್ರ ಇಳಿಸ್ಲೇಬೇಕು, ಅದೂ ಕೆಲಸ ಗೊತ್ತಿರೋರ ಕೈಲಿ, ಇನ್ನೊಂದು ಮರಕ್ಕೆ ಸಿಕ್ಕೊಂಡು ಅರ್ಧ ಬಿದ್ದ ಮರದ ಕೆಳಗೆ ಯಾರೂ ಹೋಗ್ಬಾರದು, ಚೈನ್‌ಸಾ ಹಿಡಿದು ಒಬ್ರೇ ಇರಬಾರದು.

ಕಡಿದದ್ದನ್ನ ಎಳೆಸೋವಾಗ ನೆಲ ಒಣಗಿರಲಿ. ಒದ್ದೆ ಮಣ್ಣಿನ ಮೇಲೆ ಟ್ರ್ಯಾಕ್ಟರ್ ಹೋದ್ರೆ ಮೊದಲ ಕೆಲವೇ ಓಡಾಟದಲ್ಲಿ ಬಹುಪಾಲು ಹಾನಿ ಆಗಿಹೋಗತ್ತೆ, ಮಣ್ಣು ಅದುಮಿ ಬೇರಿಗೆ ಗಾಳಿ ನೀರು ಹೋಗಲ್ಲ, ಸರಿಹೋಗೋಕೆ ಎಷ್ಟೋ ವರ್ಷ ಬೇಕು. ಅದಕ್ಕೇ ಎಳೆಯೋಕೆ ಒಂದೇ ದಾರಿ ಗೊತ್ತು ಮಾಡಿ, ಪ್ರತಿ ಸಲ ಅದರಲ್ಲೇ ಓಡಾಡ್ಬೇಕು, ಮಿಕ್ಕ ನೆಲ ಮುಟ್ಟಬಾರದು. ಇಳಿಜಾರಲ್ಲಿ ಆ ದಾರಿಗೆ ಅಲ್ಲಲ್ಲಿ ಓರೆಯಾಗಿ ಮಣ್ಣಿನ ದಿಬ್ಬ ಹಾಕಿ ನೀರನ್ನ ಪಕ್ಕದ ದರಗಿನ ಮೇಲೆ ತಿರುಗಿಸಿಬಿಟ್ರೆ ಕೊರಕಲು ಬೀಳಲ್ಲ, ಕೆಲಸ ಮುಗಿದ್ಮೇಲೆ ಅದೇ ನಮ್ಮ ವಾಕಿಂಗ್ ದಾರಿನೂ ಆಗತ್ತೆ.